ಪುಕ್ಕಟೆ ಪುಸ್ತಕದ ಮೂರನೇ ಪಾಠ

ಕಿವಿ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದಲ್ಲೇ ಅತ್ತೆ ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಒಂಬತ್ತು ತಿಂಗಳ ಮಗು.

"ಕಾಲೇಜಿನ ಪಾಠ ಓದಿ ಮಗೂಗೆ ಕಾಯಿಲೆ ಹುಡುಕ್ತಿದೀಯ," ಎಂದರು ಅತ್ತೆ.

"ಮೂರನೇ ಪಾಠ, ಮಕ್ಕಳ ಬೆಳವಣಿಗೆ ಬಗ್ಗೆ ಅತ್ತೆ. ಈ ವಯಸ್ಸಿಗೆ ಮಗು ಸದ್ದು ಬಂದ ಕಡೆ ತಿರುಗ್ಬೇಕು ಅಂತಿದೆ."

"ಪುಕ್ಕಟೆ ಪುಸ್ತಕ. ಯಾರು ಏನು ಬೇಕಾದ್ರೂ ಬರೀತಾರೆ."

"ನಮ್ಮ ಕಾಲೇಜಿನ ಮೇಡಮ್ಮೇ ನೋಡಿ, ತಿದ್ದಿ, ಎಲ್ಲರ ಮೊಬೈಲಿಗೂ ಹಾಕಿದಾರೆ. ಪುಕ್ಕಟೆ ಸಿಕ್ಕಿದ್ದಕ್ಕೇ ಓದಿದೆ. ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

"ಗೊತ್ತಾಗದೇ ಇದ್ದಿದ್ರೆ ಇನ್ನೊಂದಷ್ಟು ದಿನ ನೆಮ್ಮದಿಯಾಗಿರ್ತಿದ್ವಿ."

"ಅತ್ತೆ, ನಿನ್ನೆ ಅಡುಗೆಮನೇಲಿ ಮೂರು ಸಲ ತಟ್ಟೆ ಬಿತ್ತಲ್ಲ, ಕೈ ಜಾರಿ ತಾನೇ?"

ಅತ್ತೆ ಮಗುವಿನ ತಲೆ ಸವರಿದರು.

"ಅಲ್ಲ. ಮಗೂ ಬೆನ್ನ ಹಿಂದೆ ನಿಂತು ನಾನೇ ಬೀಳಿಸಿದೆ. ಅದು ತಿರುಗ್ಲೇ ಇಲ್ಲ ಕಣೇ."

ಒಳಗಿನಿಂದ ನರ್ಸ್ ಕರೆದರು. ಅತ್ತೆಯೇ ಮಗುವನ್ನು ಎತ್ತಿಕೊಂಡು ಮುಂದೆ ನಡೆದರು.