ಅಮೃತಶಿಲೆಯ ಕಟ್ಟೆ, ಬಸುರಿಯ ಬಯಕೆ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಬಸುರಿಯರಿದ್ದರೆ ಎದ್ದು ಒಳಗೆ ಹೋಗಿ, ಈ ಕಥೆ ನಿಮಗಲ್ಲ. ಹೆಸರಿಲ್ಲದ ಒಂದು ಸೀಮೆ, ಆ ಸೀಮೇಲಿ ಒಂದು ದೊಡ್ಡ ಮನೆ, ಆ ಮನೆಗೆ ದ್ಯಾವಮ್ಮ ಯಜಮಾನಿ. ಊರವರ ಅಡುಗೆ ಕಟ್ಟೆಯೆಲ್ಲ ಮಣ್ಣಿಂದು. ಇವಳದ್ದು ಬಿಳೀ ಅಮೃತಶಿಲೆ.

ಕಲ್ಲು ಕೂರಿಸಿದವನು ಹೋಗುವಾಗ ಹೇಳಿದ್ದ: "ತಾಯಿ, ಇದಕ್ಕೆ ಹುಳಿ ಆಗೋದಿಲ್ಲ. ಹುಣಸೆ, ನಿಂಬೆ, ಮಜ್ಜಿಗೆ ಏನು ಚೆಲ್ಲಿದರೂ ಹೊಳಪು ಹೋಗ್ತದೆ. ಚೆಲ್ಲಿದ ಕೂಡಲೇ ಒರೆಸಿಬಿಡಿ."

ಒರೆಸಿ ಅಂದ ಕಣ್ರಪ್ಪಾ. ಹುಳೀನೇ ಮನೆಯಿಂದಾಚೆ ಹಾಕಿ ಅಂದ್ನಾ? ದ್ಯಾವಮ್ಮ ಹಾಕಿದಳು. ಹುಣಸೆ ಗಡಿಗೆ ಹೋಯ್ತು, ನಿಂಬೆ ಉಪ್ಪಿನಕಾಯಿ ಹೋಯ್ತು, ಮಜ್ಜಿಗೆ ಚಟ್ಟಿ ಹೋಯ್ತು. ಬೆಳಗ್ಗೆ ತಣ್ಣೀರಲ್ಲಿ ತೊಳೆಯೋದು, ಮಧ್ಯಾಹ್ನ ಹಳೇ ಪಂಚೆಯಲ್ಲಿ ಒರೆಸೋದು, ಸಂಜೆ ಅಂಗೈಯಲ್ಲಿ ತಿಕ್ಕೋದು. ಕಲ್ಲು ಫಳಫಳ ಹೊಳೀತಿತ್ತು.

ಸೊಸೆ ಚಿಕ್ಕತಾಯಿ ಬಸುರಾದಳು. ಒಂದೇ ಸಮ ವಾಂತಿ, ಹುಳಿ ಇಲ್ಲದೆ ತುತ್ತು ಇಳೀಲಿಲ್ಲ. ಮೂರು ತಿಂಗಳಿಗೆ ಕಟ್ಟೆ ಹತ್ತಿರ ನಿಂತು ಕೇಳಿದಳು: "ಅತ್ತೆ, ಒಂಚೂರು ಹುಣಸೆ ಗೊಜ್ಜು ಮಾಡಿಕೊಡಿ."

"ಕಲ್ಲು ಹಾಳಾಗ್ತದೆ ಕಣೆ. ಬೆಲ್ಲ ತಿನ್ನು."

ಐದು ತಿಂಗಳಿಗೆ ಕೇಳಿದಳು: "ಅತ್ತೆ, ಹಿತ್ತಲಲ್ಲಿ ಕೂತು ತಿಂತೀನಿ."

"ಅದೇ ಕೈಯಲ್ಲಿ ಬಂದು ಕಲ್ಲು ಮುಟ್ತೀಯ. ತುಪ್ಪ ತಿನ್ನು."

ಏಳು ತಿಂಗಳಿಗೆ ಗೋಡೆ ಹಿಡ್ಕೊಂಡು ಬಂದಳು. "ಅತ್ತೆ, ಒಂದು ಎಸಳು ಸಾಕು. ನೆಕ್ಕಿ ಬಿಡ್ತೀನಿ."

"ಹೆತ್ತ ಮೇಲೆ ತಿನ್ನುವಿಯಂತೆ, ಹೋಗು."

ನೆರೆಮನೇಲಿ ತಿನ್ನಬಾರದಿತ್ತಾ ಅಂತೀರಾ? ಹೊಸ್ತಿಲು ದಾಟೋಕೆ ಬಿಟ್ಟರೆ ತಾನೇ! ಗಂಡನೋ ಬಾಯಿಸತ್ತವನು, ಅಮ್ಮನ ಮುಖ ನೋಡ್ಕೊಂಡು ಕೂತಿದ್ದ.

ಎಂಟನೇ ತಿಂಗಳಿಗೇ ನೋವು ಬಂತು. ಹೆರೋಕೆ ಮೈಯಲ್ಲಿ ಕಸುವಿರಲಿಲ್ಲ. ತಾಯಿ, ಮಗು ಇಬ್ಬರೂ ಹೋದರು.

ಮೂರನೇ ದಿನ ಹಾಲುತುಪ್ಪ. ಸಮಾಧಿ ಮೇಲೆ ಎಡೆ ಇಟ್ಟರು, ಕಾಗೆ ಮುಟ್ಟಲಿಲ್ಲ. ಪಾಯಸ ಇಟ್ಟರು, ಮುಟ್ಟಲಿಲ್ಲ. ಹೋಳಿಗೆ ಇಟ್ಟರು, ಮುಟ್ಟಲಿಲ್ಲ. ಸತ್ತವರಿಗೆ ಆಸೆ ಉಳಿದಿದ್ದರೆ ಹಾಗೇ, ಕೇಳಿ.

ಊರಿಗೆಲ್ಲ ಹಿರಿಯಳಾದ ಬೋರಜ್ಜಿ ಕೇಳಿದಳು: "ದ್ಯಾವಿ, ಅವಳು ಏನು ಕೇಳಿದ್ಲು?"

"ಹುಣಸೆ ಗೊಜ್ಜು."

"ಎಲ್ಲಿ ನಿಂತು ಕೇಳಿದ್ಲು?"

"ಅಡುಗೆ ಕಟ್ಟೆ ಹತ್ತಿರ."

"ಅಲ್ಲೇ ಬಡಿಸು ಹೋಗು."

ದ್ಯಾವಮ್ಮ ನೆರೆಮನೇಲಿ ಹುಣಸೆ ಬೇಡಿ ತಂದಳು, ನೆನೆಸಿ ಕಿವುಚಿದಳು, ಗೊಜ್ಜು ಮಾಡಿದಳು. ಬಾಳೆಲೆ ತಂದುಕೊಟ್ಟರು, ಬೇಡ ಅಂದಳು. ಬರೀ ಕಲ್ಲಿನ ಮೇಲೆ ಬಡಿಸಿದಳು. ಕೈ ತಾನಾಗಿ ಒರೆಸೋ ಬಟ್ಟೆಗೆ ಹೋಯ್ತು, ಹಿಂದಕ್ಕೆ ಎಳ್ಕೊಂಡಳು.

ಕಾಗೆ ಕಿಟಕಿಯಿಂದ ಒಳಗೆ ಬಂತು. ಒಂದು ಸಲ ಕುಕ್ಕಿತು, ಎರಡು ಸಲ ಕುಕ್ಕಿತು, ಮೂರು ಸಲ ಕುಕ್ಕಿತು.

"ಇನ್ನೂ ಇದೆ, ತಿನ್ನು ಮಗಳೇ," ಅಂದಳು ದ್ಯಾವಮ್ಮ. ಬದುಕಿದ್ದಾಗ ಒಂದು ದಿನವೂ ಹಾಗೆ ಕರೆದವಳಲ್ಲ. ಕಾಗೆ ಹಾರಿಹೋಯ್ತು. ಬಂದ ಜನ ಎದ್ದು ಹೋದರು. ದ್ಯಾವಮ್ಮ ಮಾತ್ರ ಅಳ್ತಾ ಅಳ್ತಾ ಕಲ್ಲಿಗೆ ಗೊಜ್ಜು ಬಡಿಸ್ತಾನೇ ಇದ್ದಳು.

ಇಷ್ಟೇ ನಾನು ಕೇಳಿದ್ದು, ಇಷ್ಟೇ ನಾನು ಹೇಳಿದ್ದು. ನಿಮ್ಮನೇಲಿ ಬಸುರಿ ಕೇಳಿದ್ದು ಬಸುರಿ ಬಾಯಿಗೇ ಸೇರಲಿ. ಏಳಿ, ಮನೆಗೆ ಹೋಗಿ.