ಬಲಗಾಲಿನ ಎರಡು ಬೆರಳು

ಹಲೋ… ಹಲೋ, ಯಾರು ಮಾತಾಡ್ತಿರೋದು?… ಯಾರು?… ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಗಾಳಿ ಊದೋ ಯಂತ್ರದ ಸದ್ದು, ಏನೂ ಕೇಳಿಸ್ತಿಲ್ಲ…

ಓ, ನೀನೇನೋ ತಮ್ಮಾ! ನಿನ್ನ ದನಿ ಯಾಕೋ ಹಾಗಿದೆ, ಬಾವಿಯೊಳಗಿಂದ ಮಾತಾಡಿದ ಹಾಗೆ?… ಆಸ್ಪತ್ರೆ ಮೆಟ್ಟಿಲ ಕೆಳಗಿದೀಯಾ? ಗೋಡೆ ಕಡೆ ಮುಖ ಮಾಡ್ಕೊಂಡು ಮಾತಾಡು… ಹಾಂ, ಈಗ ಪರವಾಗಿಲ್ಲ.

…ಇಲ್ಲ ಕಣೋ, ಬೇಕಂತ ತಡ ಮಾಡ್ಲಿಲ್ಲ. ನಮ್ಮ ಮೊಬೈಲೆಲ್ಲ ಗೇಟಿನಲ್ಲೇ ತೆಗೆದಿಟ್ಕೊಳ್ತಾರೆ. ಇಡೀ ಕಟ್ಟಡಕ್ಕೆ ಇದೊಂದೇ ಫೋನು. ನಿನ್ನ ಫೋನು ಬಂದಾಗ ನಾನು ಮೇಲೆ, ರಾಕೆಟ್ಟಿನ ತುದೀಲಿದ್ದೆ. ಕೆಳಗಿಳಿದು, ಆ ಬಿಳಿ ಅಂಗಿ, ಟೋಪಿ, ಮುಖಗವಸು, ಕೈಗವಸು ಎಲ್ಲ ಕಳಚಿ ಬರೋ ಹೊತ್ತಿಗೆ ಇಷ್ಟಾಯ್ತು. ಮತ್ತೆ ಹತ್ತಬೇಕಾದ್ರೆ ಅಷ್ಟನ್ನೂ ಹಾಕ್ಕೋಬೇಕು… ಹೋಗಲಿ ಬಿಡು ಅದನ್ನ. ಅಪ್ಪ ಹೇಗಿದಾನೆ? ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರಾ?…

ಹೋಗಲ್ಲ ಅಂದನಾ? ಹೋಗಲ್ಲ ಅಂದ್ರೆ?… ಮಂಚದ ಕಂಬಿ ಹಿಡ್ಕೊಂಡು ಕೂತಿದಾನಾ? ನಿನ್ನೆ ಒಪ್ಪಿದ್ದ ಅಂದೆಯಲ್ಲೋ… ಅಮ್ಮ ಎಲ್ಲಿ?… ಅಳ್ತಾ ಕೂತಿದಾಳಾ. ಸರಿಹೋಯ್ತು. ಹಟಕ್ಕೊಬ್ಬರು, ಅಳೋಕೊಬ್ಬರು… ಹಾಂ, ಓಡಾಡೋಕೆ ನೀನು. ಗೊತ್ತಪ್ಪ, ನೀನೊಬ್ಬನೇ ಅಂತ ಗೊತ್ತು.

ಡಾಕ್ಟರು ಏನಂದ್ರು?… ಇವತ್ತೇ ತೆಗೀಬೇಕಾ?… ಹೆಬ್ಬೆರಳು, ಅದರ ಪಕ್ಕದ್ದು. ಎರಡೇ ಅಲ್ವಾ?… ಇವತ್ತು ಬಿಟ್ರೆ?… ಮೊಣಕಾಲ ತನಕ?… ಹೂಂ… ಹೂಂ, ಗೊತ್ತಾಯ್ತು. ತಡಿ, ಕೂತ್ಕೊಳ್ತೀನಿ. ಇಲ್ಲೊಂದು ಸ್ಟೂಲಿದೆ.

ಏನು ಬುದ್ಧಿ ಅಂತೀನಿ ಅವನದು! ಮಗ್ಗದ ಮೊಳೆ ಚುಚ್ಚಿದ್ದಕ್ಕೆ ಚಿಂದಿ ಸುತ್ತಿ, ಯಾರಿಗೂ ಹೇಳದೆ ನೇಯ್ತಾ ಕೂರೋದಾ? ಮೈಯಲ್ಲಿ ಸಕ್ಕರೆ ಕಾಯಿಲೆ ಇಟ್ಕೊಂಡು?… ಗಾಯದ ವಾಸನೆ ಅಮ್ಮನ ಮೂಗಿಗೆ ಹತ್ತದಿದ್ರೆ ಇನ್ನೂ ಮಗ್ಗ ತುಳೀತಾನೇ ಇರ್ತಿದ್ದ.

ಯಾಕೆ ಒಪ್ತಿಲ್ಲ ಅಂತ ಕೇಳಿದ್ಯಾ?… ಏನು?… ತಡಿ ತಡಿ. ನೀನು ಅವನಿಗೆ ಏನಂತ ಹೇಳಿದ್ದೆ?… ಗಾಯ ತೊಳೆದು ಕಟ್ಟು ಕಟ್ತಾರೆ ಅಷ್ಟೇ ಅಂತಾನಾ? ಅಯ್ಯೋ ಪುಣ್ಯಾತ್ಮ!… ಮತ್ತೆ ಗೊತ್ತಾಗಿದ್ದು ಹೇಗೆ?… ಪಕ್ಕದ ಮಂಚದವನಾ? "ನಂಗೂ ಹೀಗೇ ತೊಳೀತೀವಿ ಅಂತ ಕರ್ಕೊಂಡು ಹೋದ್ರು, ನೋಡು ತೊಳೆದಿರೋದ್ನ" ಅಂತ ಮೊಂಡುಗಾಲು ಎತ್ತಿ ತೋರಿಸಿದನಾ?… ಇಲ್ಲ ಕಣೋ, ನಗ್ತಿಲ್ಲ. ಸುಸ್ತಾದಾಗ ಹೀಗೆ ಬರುತ್ತೆ. ನಗುನೋ ಏನೋ ನಂಗೇ ಗೊತ್ತಾಗಲ್ಲ.

ನಾನಾ? ನಾನು ಹೇಗೋ ಬರ್ಲಿ?… ಗೊತ್ತು, ನನ್ನ ಮಾತೊಂದೇ ಕೇಳ್ತಾನೆ, ಗೊತ್ತು. ಆದ್ರೆ ಇಲ್ಲಿಂದ ಬಸ್ಸು ಸಿಗೋ ಊರಿಗೇ ಅರ್ಧ ದಿನ ಬೇಕು. ಅದೂ ಇವರ ಜೀಪು ಬಿಟ್ರೆ. ಸುತ್ತ ಮರಳು, ಮುಳ್ಳುಗಿಡ, ಅದರಾಚೆ ಸಮುದ್ರ. ಮಾತಾಡಿಸೋಣ ಅಂದ್ರೆ ಒಂದು ನಾಯಿ ಇಲ್ಲ.

…ಇದೇ ನೋಡು, ಎಲ್ಲರೂ ಹಾಗೇ ಅಂತಾರೆ, ಹಾರಿಸೋದನ್ನ ಬೇಗ ಹಾರಿಸಿ ಬಂದ್ಬಿಡಿ ಅಂತ. ಈ ಸಮುದ್ರದ ಬಿರುಗಾಳಿ ಬಿಡ್ಬೇಕಲ್ಲ. ನಾಳೆ ನಾಳೆ ಅಂತ ಮುಂದಕ್ಕೆ ಹೋಗ್ತಾನೇ ಇದೆ. ಉಪಗ್ರಹ ರಾಕೆಟ್ಟಿನ ಮೇಲೆ ಕೂತಿರೋ ತನಕ ಬಾಣಂತಿ ಕೋಣೆ ಕೂಸಿನ ಹಾಗೆ ನೋಡ್ಕೋಬೇಕು. ಅದು ಬೆವರಬಾರದು, ಅದಕ್ಕೆ ಚಳಿ ಆಗಬಾರದು, ಮೇಲೊಂದು ಕೂದಲು ಬೀಳಬಾರದು. ಹೊತ್ತುಹೊತ್ತಿಗೂ ತಣ್ಣಗೆ ಒಣಗಾಳಿ ಊದ್ತಾ ಇರಬೇಕು. ನಾವು ಮಲಗೋ ಶೆಡ್ಡಿನ ಫ್ಯಾನು ಕೆಟ್ಟು ಎಷ್ಟು ದಿನ ಆಯ್ತೋ, ಕೇಳೋರಿಲ್ಲ. ನಿದ್ದೆ ಅನ್ನೋದು… ಬಿಡು.

ಇವತ್ತು ಬೆಳಿಗ್ಗೆ ಹತ್ತಿ ನೋಡ್ತೀನಿ, ಅದಕ್ಕೆ ಹೊದಿಸಿದೀವಲ್ಲ, ಚಿನ್ನದ ಬಣ್ಣದ ಹೊದಿಕೆ, ಒಂದು ಮೂಲೇಲಿ ಹೊಲಿಗೆ ಬಿಟ್ಟಿದೆ… ಹೂಂ, ನಾನು ಹೊಲಿದದ್ದೇ. ಹಂಗಿಸಬೇಡ. ಆ ಊದೋ ಗಾಳಿಗೆ ಪಟಪಟ ಬಡ್ಕೊಂಡು ಬಡ್ಕೊಂಡು ಬಿಚ್ಚಿಕೊಂಡಿದೆ. ಹಾಗೇ ಕಳಿಸಿದ್ರೆ ಮೇಲೆ ಹೋದ ಮೇಲೆ ಬಿಸಿಲಿಗೆ ಒಂದು ಮಗ್ಗುಲು ಸುಡುತ್ತೆ, ನೆರಳಿಗೆ ಇನ್ನೊಂದು ಮಗ್ಗುಲು ಮರಗಟ್ಟುತ್ತೆ… ಇದ್ದಳು, ಇನ್ನೊಬ್ಬಳು ಹೊಲಿಯೋಳು. ಜ್ವರ ಬಂದು ಊರಿಗೆ ಹೋದಳು. ಈಗ ನಾನೊಬ್ಬಳೇ. ಉಪಗ್ರಹದ ಮೇಲೆ ಹಾಕಿರೋ ಮುಚ್ಚಳದಲ್ಲಿ ಒಲೆಬಾಯಿಯಷ್ಟು ಒಂದು ಬಾಗಿಲಿದೆ. ಅದರೊಳಗೆ ಹೆಗಲ ತನಕ ಕೈ ತೂರಿಸಿ ಹೊಲೀಬೇಕು. ಅರ್ಧ ಆಗಿದೆ. ಸಂಜೆ ಆ ಬಾಗಿಲನ್ನೂ ಮುಚ್ಚಿಬಿಡ್ತಾರೆ. ಆಮೇಲೆ ಯಾರ ಕೈಗೂ ಸಿಗಲ್ಲ ಅದು.

…ಏನಂತ ಹೇಳ್ಬೇಕು?… ಸಂಜೆಗೆ ಬರ್ತೀನಿ ಅಂತಾನಾ?… ಸುಳ್ಳಲ್ವೇನೋ ಅದು?… ಒಂದು ಸುಳ್ಳಿಗೆ ಕಾಲು ಉಳಿಯುತ್ತೆ ಅಂತೀಯ… ಎಚ್ಚರ ಆದ ಮೇಲೆ ಬೈದ್ರೆ ಬೈಕೊಳ್ಳಲಿ ಅಂತೀಯ. ಹೂಂ… ಯೋಚನೆ ಮಾಡೋ ಶಕ್ತಿ ನಂಗೂ ಇಲ್ಲ ಕಣೋ. ನಡಿ, ಅವನ ಹತ್ತಿರ ಹೋಗು. ಕೊಡು ಅವನಿಗೆ.

…

ಅಪ್ಪಾ?… ನಾನು… ಹೂಂ, ಊಟ ಆಯ್ತು. ನಿಂದು?… ಅಯ್ಯೋ ಹೌದಲ್ಲ, ಇವತ್ತು ನಿಂಗೇನೂ ಕೊಡಲ್ಲ, ಮರೆತೇಬಿಟ್ಟೆ. ನೀರೂ ಇಲ್ವಾ?… ಪಾಪ.

…ಹೂಂ, ಅದನ್ನೇ ಹೊಲೀತಿದೀನಿ… ಆಕಾಶಕ್ಕೆ ಹೋಗೋನಿಗೆ ಒಂದು ಅಂಗಿ ಹೊಲಿಯೋಕೆ ಎಷ್ಟು ದಿನ ಅಂದ್ರೆ ನಾನೇನು ಮಾಡ್ಲಿ?… ನೀನು ಕಲಿಸಿದ್ದು ನೇಯೋದು, ಹೊಲಿಯೋದು ಕಲಿಸಿದ್ದು ಅಮ್ಮ. ಸರಿ ಸರಿ, ತಪ್ಪೆಲ್ಲ ಅಮ್ಮಂದೇ.

ಅಪ್ಪಾ, ಇಲ್ಲಿ ಕೇಳು. ನಾನು ಸಂಜೆಗೆ ಬರ್ತಿದೀನಿ… ಹೌದು… ಜೀಪು ಕೊಡ್ತೀವಿ ಅಂದಿದಾರೆ. ನೀನೀಗ ಅವರ ಜೊತೆ ಒಳಗೆ ಹೋಗು, ಕಣ್ಣು ಬಿಟ್ಟಾಗ ನಾನು ಪಕ್ಕದಲ್ಲೇ ಇರ್ತೀನಿ…

ಏನು?… ನಾನು ಬಂದ ಮೇಲೇ ಹೋಗ್ತೀಯಾ?… ಇಲ್ಲ, ಹಾಗಲ್ಲ, ಸಂಜೆ ತನಕ ಕಾಯಬಾರದಂತೆ… ಇಲ್ಲಪ್ಪ, ನನ್ನ ಮುಖ ನೋಡ್ಕೊಂಡೇ ಹೋಗ್ತೀನಿ ಅಂದ್ರೆ… ಅಲ್ಲ, ಡಾಕ್ಟರಿಗೂ ಬೇರೆ ಕೆಲಸ ಇರುತ್ತಲ್ವಾ… ಅಪ್ಪಾ… ಬಸ್ಸು ಇಳಿಯೋ ಹೊತ್ತಿಗೆ ತಮ್ಮನನ್ನ ಕಳಿಸ್ತೀಯಾ… ರಾತ್ರಿ ಆದ್ರೂ ಕಾಯ್ತೀಯಾ…

…

ಇದೀನಿ. ಕೇಳಿಸ್ತಿದೆ.

…ಅಪ್ಪ, ನಾನು ಬರಲ್ಲ. ಇವತ್ತೂ ಬರಲ್ಲ, ನಾಳೆನೂ ಆಗಲ್ಲ. ಸುಳ್ಳು ಹೇಳಿದೆ.

…ಹೂಂ… ಹೂಂ… ಬೈ… ಅದೂ ನಿಜ… ಹೌದು, ತಮ್ಮನ ಜೊತೆ ಸೇರ್ಕೊಂಡೇ ಹೇಳಿದ್ದು. ಅವನೊಬ್ಬನ ಮೇಲೇ ಹರಿಹಾಯಬೇಡ, ನಂದೂ ಪಾಲಿದೆ… ಮಕ್ಕಳು ಅಂತ ಹೇಳ್ಕೊಳ್ಳೋಕೂ ನಾಚಿಕೆ ಅಂದ್ಯಾ? ಅನ್ನು…

ಫೋನು ಕೊಡಬೇಡ ಅವನಿಗೆ! ಅಪ್ಪಾ, ದಮ್ಮಯ್ಯ, ಕಿವೀಲೇ ಇಟ್ಕೋ. ಈಗ ಇಟ್ರೆ ಮತ್ತೆ ಸಿಗಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸೈರನ್ ಕೂಗುತ್ತೆ, ಆಮೇಲೆ ಹೊರಗಿನ ಲೈನೆಲ್ಲ ತೆಗೆದುಬಿಡ್ತಾರೆ, ಇದು ಹಾರೋ ತನಕ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಕೇಳ್ತೀಯಾ?…

ತೊಳೆಯೋದಲ್ಲ ಅಪ್ಪ. ಬಲಗಾಲಿನ ಹೆಬ್ಬೆರಳು, ಅದರ ಪಕ್ಕದ ಬೆರಳು, ಎರಡನ್ನೂ ತೆಗೀತಾರೆ. ಕೊಳೆತಿದೆ ಅವು… ನೋವಿಲ್ಲ ಅಂದ್ರೆ ವಾಸಿ ಆಗ್ತಿದೆ ಅಂತಲ್ಲ, ಅಲ್ಲಿ ಜೀವ ಇಲ್ಲ ಅಂತ. ಇವತ್ತು ತೆಗೀದಿದ್ರೆ ವಿಷ ಮೇಲಕ್ಕೇರುತ್ತೆ, ಆಮೇಲೆ ಮೊಣಕಾಲ ತನಕ ತೆಗೀಬೇಕಾಗುತ್ತೆ. ಇಷ್ಟೇ. ನಂಗೆ ಗೊತ್ತಿರೋದೆಲ್ಲ ನಿಂಗೂ ಈಗ ಗೊತ್ತು.

…

ಅಪ್ಪಾ?…

ಮಗ್ಗನಾ?… ಹೂಂ. ಗೊತ್ತು. ಆ ಎರಡು ಬೆರಳ ಸಂದೀಲೇ ಹಗ್ಗ ಸಿಗಿಸ್ಕೊಂಡು ತುಳೀತೀಯ. ನಂಗೆ ಗೊತ್ತಿಲ್ವಾ? ಮಗ್ಗದ ಗುಂಡೀಲಿ ನಿನ್ನ ಕಾಲ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಾ ಬೆಳೆದೋಳು ನಾನು… ಇಲ್ಲಪ್ಪ, ಮೊದಲಿನ ಹಾಗೆ ಆಗಲ್ಲ. ಆಗುತ್ತೆ ಅಂದ್ರೆ ಅದು ಇನ್ನೊಂದು ಸುಳ್ಳು… ಹಗ್ಗ ತೆಗೆದು ಅಗಲದ ಹಲಗೆ ಹಾಕಿಸ್ಬಹುದೇನೋ. ಎಡಗಾಲಿಗೆ ಹೆಚ್ಚು ಕೆಲಸ ಕೊಡಬಹುದೇನೋ. ನಂಗೊತ್ತಿಲ್ಲ. ಮಗ್ಗ ನಿಂತೇ ಹೋಗಬಹುದು… ಹೂಂ, ನಿಂತೇ ಹೋಗಬಹುದು ಅಂದೆ. ಕೇಳಿಸ್ತಲ್ಲ.

ಅಳ್ತಿದೀಯಾ?… ಫಿನಾಯಿಲ್ ವಾಸನೆಗಾ? ಸರಿ, ಫಿನಾಯಿಲ್ಲೇ ಇರಲಿ.

…ಏನಂದೆ? ತೆಗೆದ ಬೆರಳನ್ನ ಏನು ಮಾಡ್ತಾರೆ ಅಂತಾನಾ?… ಗೊತ್ತಿಲ್ಲಪ್ಪ. ಅದನ್ನ ಕೇಳಬೇಕು ಅಂತ ನಮಗೆ ಹೊಳೀಲೇ ಇಲ್ಲ… ಹೌದು, ನಿನ್ನ ಬೆರಳು, ನೀನು ಕೇಳೋದು ಸರಿನೇ… ಯಾರೂ ನಿನ್ನನ್ನ ಒಂದು ಮಾತು ಕೇಳ್ಲಿಲ್ಲ, ಮೂಟೆ ಹೊರೋ ಹಾಗೆ ಹೊತ್ಕೊಂಡು ಹೋಗೋಕೆ ನೋಡಿದ್ರು. ನಿಜ.

ಅಪ್ಪ, ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಉಪಗ್ರಹದ ಮೇಲೆ ಕೈ ಇಡೋ ಮುಂಚೆ, ಏನು ಮಾಡ್ತೀನಿ ಅಂತ ಬಾಯಿಬಿಟ್ಟು ಹೇಳ್ಬೇಕು. ಪಕ್ಕದಲ್ಲಿ ನಿಂತಿರೋನು ಅದನ್ನೇ ತಿರುಗಿ ಹೇಳ್ಬೇಕು. ಅವನು ಹೇಳೋ ತನಕ ಸೂಜಿ ಎತ್ತೋ ಹಾಗಿಲ್ಲ… ಹೂಂ, ಗಿಳಿಪಾಠನೇ. ನಾನೂ ಹಾಗೇ ಬೈಕೊಳ್ತಿದ್ದೆ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಎಡಗಡೆ ಮೂಲೆ ಅನ್ನೋ ಬದಲು ಬಲಗಡೆ ಅಂದುಬಿಟ್ಟೆ. ಸೂಜಿನೂ ಆ ಕಡೆಗೇ ಹೋಗಿತ್ತು. ಪಕ್ಕದಲ್ಲಿದ್ದೋನು ತಿರುಗಿ ಹೇಳ್ಲಿಲ್ಲ. ಕೈಕಟ್ಟಿಕೊಂಡು ನಿಂತ, ಕಂಬದ ಹಾಗೆ. ಆಗ ನಂಗೆ ಎಚ್ಚರ ಆಯ್ತು… ಅದಕ್ಕೇ ಹೇಳಿದ್ದು. ಲೋಹದ ಪೆಟ್ಟಿಗೆಗೆ ಹೇಳಿ ಮಾಡ್ತೀವಿ, ಅಪ್ಪನಿಗೆ ಹೇಳದೆ ಮಾಡೋಕೆ ಹೊರಟಿದ್ವಿ.

ಈಗ ನಾನು ಹೇಳಿದ್ದನ್ನ ನೀನು ತಿರುಗಿ ಹೇಳ್ತೀಯಾ?… ನಂಗೆ ಹೇಳಲ್ವಾ? ಯಾಕೆ?… ಕೊಯ್ಯೋನು ಬಂದು ಮುಖ ನೋಡಿ ಹೇಳ್ಲಿ ಅಂತೀಯ… ಅದು ನ್ಯಾಯ. ಕೈ ಇಡೋನೇ ಹೇಳ್ಬೇಕು. ಕೊಡು ತಮ್ಮನಿಗೆ.

…

ಏಯ್, ಡಾಕ್ಟರನ್ನ ಕರ್ಕೊಂಡು ಬಾ… ಇಲ್ಲ, ಒಪ್ಪಿಲ್ಲ ಇನ್ನೂ. ಏನು ತೆಗೀತಾರೆ, ಯಾಕೆ ತೆಗೀತಾರೆ, ಅವರೇ ಅಪ್ಪನ ಎದುರಿಗೆ ನಿಂತು ಹೇಳ್ಬೇಕಂತೆ… ಬೈತಾರಾ? ಬೈಸ್ಕೋ. ಇಷ್ಟು ಹೊತ್ತು ನಾನು ಬೈಸ್ಕೊಂಡೆ, ಈಗ ನಿನ್ನ ಪಾಳಿ… ಮೊಬೈಲನ್ನ ಸ್ಪೀಕರಿಗೆ ಹಾಕಿ ದಿಂಬಿನ ಮೇಲಿಟ್ಟು ಓಡು. ಆರಿಸಬೇಡ!

ಅಪ್ಪಾ, ಅಮ್ಮ ಅಲ್ಲೇ ಇದಾಳಾ?… ಅಮ್ಮಾ, ಅತ್ತಿದ್ದು ಸಾಕು, ಅವನ ಹೆಗಲ ಮೇಲೆ ಒಂದು ಕೈ ಇಡು… ಬೇಡ ಅಂತಾನೆ, ಆದ್ರೂ ಇಡು… ನಾನು ಚೆನ್ನಾಗಿದೀನಮ್ಮ. ತೆಳ್ಳಗಾಗಿಲ್ಲ. ಫೋನಿನಲ್ಲಿ ನಿಂಗೆ ಹೇಗೆ ಕಾಣುತ್ತೆ, ತೆಳ್ಳಗಾಗಿದ್ದು?…

ಸೆಕ್ಯೂರಿಟಿ ಅಣ್ಣಾ, ಕೇಳಿಸ್ತು, ಸೈರನ್ ಕೇಳಿಸ್ತು. ಒಂದು ನಿಮಿಷ… ಇಲ್ಲಣ್ಣ, ನಮ್ಮಪ್ಪಂಗೆ ಆಪರೇಷನ್ನು… ನಿಮ್ಮ ನಿಯಮ ನಿಮಗೆ, ನಾನೇನೂ ಅನ್ನಲ್ಲ. ಲೈನು ತೆಗೆಯೋವಾಗ ನೀವೇ ತೆಗೀರಿ. ನಾನಾಗಿ ಫೋನು ಇಡಲ್ಲ…

ಹಲೋ? ಬಂದ್ರಾ?… ಹಾಂ, ಹೇಳ್ತಿದಾರೆ, ಕೇಳಿಸ್ತಿದೆ… ಅಪ್ಪಾ, ಅಷ್ಟು ಬೇಗ ಬೇಗ ಹೇಳಿದ್ರೆ ಅವರನ್ನ ನಿಲ್ಲಿಸು. ನಿಧಾನ ಅನ್ನು… ಹಾಂ, ಹಾಗೆ… ಬೆರಳಿನ ವಿಷಯನೂ ಕೇಳಿಬಿಟ್ಯಾ! ಏನಂದ್ರು?… ಕೇಳಿದ್ರೆ ಬಟ್ಟೇಲಿ ಸುತ್ತಿ ಮನೆಯವರಿಗೇ ಕೊಡ್ತಾರಂತಾ? ಸರಿ. ಅದೊಂದು ಗೊತ್ತಾಯ್ತಲ್ಲ.

ಈಗ ನೀನು ತಿರುಗಿ ಹೇಳು ಅಪ್ಪಾ… ಡಾಕ್ಟರೇ, ಒಂದು ನಿಮಿಷ ನಿಲ್ಲಿ, ಹೋಗಬೇಡಿ… ಹಾಂ, ಬಲಗಾಲು… ಹೆಬ್ಬೆರಳು… ಜೋರಾಗಿ ಅಪ್ಪಾ… ಹಾಂ, ಪಕ್ಕದ್ದು… ಇನ್ನೂ ಇದೆ. ತೆಗೀರಿ ಅಂತೀಯೋ ಬೇಡ ಅಂತೀಯೋ, ಅದೊಂದು ನಿನ್ನ ಬಾಯಿಂದಲೇ ಬರ್ಬೇಕು…

ಅಮ್ಮಾ, ನೀನು ಹೇಳಿಕೊಡಬೇಡ. ಯಾರೂ ಹೇಳಿಕೊಡಬೇಡಿ…

…

ಕಾಯ್ತಿದೀನಿ ಅಪ್ಪಾ…

…

ಹಾಂ… ಕೇಳಿಸ್ತು. ಕೇಳಿಸ್ತು ಅಪ್ಪಾ!… ಇಲ್ಲ, ಇನ್ನೊಂದ್ಸಲ ಹೇಳ್ಬೇಡ, ಒಂದ್ಸಲ ಹೇಳಿದ್ದೇ ಸಾಕು… ಈಗ ನಾನು ತಿರುಗಿ ಹೇಳ್ತೀನಿ, ಸರಿ ಇದೆಯಾ ನೋಡು. ಬಲಗಾಲು. ಹೆಬ್ಬೆರಳು, ಅದರ ಪಕ್ಕದ್ದು. ತೆಗೀರಿ ಅಂತ ನಮ್ಮಪ್ಪನೇ ಹೇ—