ಸಂಘದ ಲಾಭಗಳು ಮತ್ತು ಕಸ್ತೂರಿಬಾಯಿಯ ಮಣಿಕಟ್ಟು

ಈ ಸಭೆಯ ಅಧ್ಯಕ್ಷರೂ, ಭಾಲ್ಕಿಯ ಮುರಿದ ಕಾಲುಗಳನ್ನೆಲ್ಲ ಮೂವತ್ತು ವರ್ಷಗಳಿಂದ ನಡೆಸುತ್ತ ಬಂದವರೂ ಆದ ಮಕ್ಬೂಲ ಸಾಹೇಬರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕ ಗಣ್ಯರೇ, ಕುರ್ಚಿ ಸಿಗದೆ ಚಾಪೆಯ ಮೇಲೆ ಮುಖ ಊದಿಸಿಕೊಂಡು ಕುಳಿತ ಹಿರಿಯರೇ, ಬೀದರ, ಭಾಲ್ಕಿ, ಔರಾದ ಕಡೆಯಿಂದ ಬಂದ ಎಲುಬು ಕೂಡಿಸುವ ಬಂಧುಗಳೇ, ಹಾಗೂ ಕೇವಲ ಚಹಾಕ್ಕಾಗಿ ಬಂದಿರುವ ಸಭಿಕರೇ,

ನಾನು ನೌಬಾದಿನ ಮಡೆಪ್ಪ. ಎಲುಬು ಕೂಡಿಸುವವರ ನಮ್ಮ ಈ ಸಂಘಕ್ಕೆ ಇಂದಿಗೆ ಎರಡು ವರ್ಷ ತುಂಬಿತು. ಸಂಘ ಸೇರುವುದರಿಂದ ಆಗುವ ಲಾಭಗಳ ಬಗ್ಗೆ ಮಾತಾಡು ಎಂದು ನನಗೆ ಹೇಳಿದ್ದಾರೆ. ಮುಂದಿನ ಸಾಲಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು, ನನ್ನನ್ನೇ ದುರುಗುಟ್ಟಿ ನೋಡುತ್ತ ಕುಳಿತಿರುವ ಹೆಣ್ಣುಮಗಳು ನನ್ನ ಮನೆಯವರು, ಕಸ್ತೂರಿಬಾಯಿ. ಪಟ್ಟಿ ಕಟ್ಟಿದವನು ನಾನೇ. ಹನ್ನೆರಡು ದಿನವಾಯಿತು. ಬೆರಳು ಇನ್ನೂ ಮಡಚುತ್ತಿಲ್ಲ. ಬೆಳಿಗ್ಗೆ ಮನೆ ಬಿಡುವಾಗ ಅವರು ನನಗೆ ಹೇಳಿದ್ದು ಇಷ್ಟು: "ಭಾಷಣದಾಗ ನೀವು ಖರೇ ಹೇಳ್ರಿ. ಇಲ್ಲಂದ್ರ ನಾನೇ ಎದ್ದು ನಿಂತು ಹೇಳ್ತೇನಿ."

ಹೇಳುತ್ತೇನೆ. ಅವಸರ ಯಾಕೆ? ಮೊದಲು ಲಾಭಗಳು.

ಮೊದಲನೆಯ ಲಾಭ, ಸಂಘಕ್ಕೊಂದು ಫಲಕ ಬಂತು. ಅದನ್ನು ಇಡಲು ಜಾಗವಿಲ್ಲದೆ ನನ್ನ ಮನೆಯ ಅಟ್ಟದ ಮೇಲೆ ಇಟ್ಟರು. ಈ ಸಭೆಗಾಗಿ ಅದನ್ನು ಇಳಿಸಲು ಹೋಗಿ ಕಸ್ತೂರಿಬಾಯಿ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಲುಬು ಕೂಡಿಸುವವರ ಸಂಘವೇ ಒಂದು ಎಲುಬು ಮುರಿದದ್ದು ಈ ಹೈದರಾಬಾದ್ ರಾಜ್ಯದಲ್ಲಿ ಮತ್ತೆಲ್ಲಾದರೂ ಉಂಟೆ?

ಎರಡನೆಯ ಲಾಭ, ಒಬ್ಬರ ವಿದ್ಯೆ ಇನ್ನೊಬ್ಬರಿಗೆ ತಿಳಿಯುತ್ತದೆ ಎಂದರು. ನಾವು ಬಿದಿರಿನ ದಬ್ಬೆಗೆ ಉದ್ದಿನ ಹಿಟ್ಟು ಹಚ್ಚುವವರು, ಮಕ್ಬೂಲ ಸಾಹೇಬರು ತತ್ತಿಯ ಲೋಳೆ ಹಚ್ಚುವವರು. ಯಾವುದು ಮೇಲು ಎಂದು ಮೂರು ಸಭೆಗಳಲ್ಲಿ ಜಗಳವಾಡಿದೆವು. ಮೂರನೆಯ ಸಭೆಯಲ್ಲಿ ತತ್ತಿಯವರೊಬ್ಬರು ಉದ್ದಿನವರೊಬ್ಬರ ಮೇಲೆ ತತ್ತಿಯನ್ನೇ ಒಗೆದರು. ಅಂಗಿ ಗಟ್ಟಿಯಾಯಿತು. ತತ್ತಿಗೆ ಹಿಡಿತ ಹೆಚ್ಚು ಎಂದು ಅಂದು ನನಗೆ ತಿಳಿಯಿತು. ಒಪ್ಪಿಕೊಳ್ಳಲಿಲ್ಲ, ಆ ಮಾತು ಬೇರೆ.

ನಾನು ಮೂರನೆಯ ಜಮಾತಿಗೇ ಸಾಲಿ ಬಿಟ್ಟವನು. ಮಾಸ್ತರರು ಕುರ್ಚಿಯಿಂದ ಬಿದ್ದು ಭುಜದ ಕೀಲು ತಪ್ಪಿಸಿಕೊಂಡಾಗ ನಮ್ಮ ಅಪ್ಪ ಬಂದು ಒಂದೇ ಏಟಿಗೆ ಕೂಡಿಸಿದರು. ಮಾಸ್ತರರು ಅತ್ತರು, ನಾನು ನಕ್ಕೆ. ಅಲ್ಲಿಗೆ ಓದು ಮುಗಿಯಿತು. ಹಾಗಾಗಿ ಇಂದಿನ ಎರಡು ಠರಾವುಗಳನ್ನು ನಾನು ಓದಿಲ್ಲ, ಓದಿಸಿ ಕೇಳಿದ್ದೇನೆ. ಒಬ್ಬರು ಕಟ್ಟಿದ ಪಟ್ಟಿಯನ್ನು ಸಂಘದ ಇನ್ನೊಬ್ಬರು ಬಿಚ್ಚಿ ನೋಡಬಹುದು ಎಂಬುದು ಮೊದಲನೆಯದು. ಔರಾದಿನ ಸುಭದ್ರಾಬಾಯಿಯವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಬೇಕು ಎಂಬುದು ಎರಡನೆಯದು. ಎರಡನ್ನೂ ಇಲ್ಲಿಯವರೆಗೆ ತಡೆದವನು ಯಾರು? ನಾನೇ. ಇನ್ಯಾರಿಗೆ ಅಷ್ಟು ಪುರುಸೊತ್ತು?

ಹೊಸಬರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಗಂಟು. ಗಂಟು ನೋಡಿದರೆ ಕಟ್ಟಿದವರು ಯಾರೆಂದು ತಿಳಿಯುತ್ತದೆ. ಕಟ್ಟಿದವರೇ ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಕಟ್ಟಿದವರ ಮುಖಕ್ಕೆ ಮಸಿ ಬಳಿದಂತೆ.

ಪೊಲೀಸ್ ಆಕ್ಷನ್ ಆಗಿ ಈಗ ಆರು ವರ್ಷ. ನಿಜಾಮನನ್ನು ಇಳಿಸಲು ದಿಲ್ಲಿಯ ಫೌಜು ಬರುವ ಮುಂಚಿನ ವಾರ ಹಲಬರ್ಗಾದ ಏಕನಾಥನ ಮೊಣಕೈಗೆ ಮಕ್ಬೂಲ ಸಾಹೇಬರು ಪಟ್ಟಿ ಕಟ್ಟಿದ್ದರು. ಆಮೇಲೆ ಸಾಹೇಬರು ಮನೆಗೆ ಬೀಗ ಹಾಕಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟರು. ಅವರು ಯಾರ ಅಂಜಿಕೆಗೆ ಹೋದರು ಎಂದು ಈ ಸಭೆಯಲ್ಲಿ ನಾನು ಕೇಳುವುದಿಲ್ಲ. ಕೇಳಿದರೆ ಅರ್ಧ ಚಾಪೆಗಳು ಖಾಲಿಯಾಗುತ್ತವೆ.

ಬಿಚ್ಚುವ ದಿನ ಬಂತು, ಬಿಚ್ಚುವವರಿಲ್ಲ. ಏಕನಾಥ ನೌಬಾದಿನವರೆಗೆ ನಡೆದು ಬಂದ. "ಮಡೆಪ್ಪಣ್ಣ, ಕೈ ಕಟಗಿ ಆಗ್ಯಾದ. ಬಿಚ್ಚಿ ನೋಡು."

"ಗಂಟು ಮಕ್ಬೂಲಂದು ಅದ. ನಾ ಮುಟ್ಟಂಗಿಲ್ಲ."

"ಅವರು ಎಲ್ಲಿ ಅದಾರ ಅಂತ ಹುಡಕ್ಲಿ? ಜೀವ ಇದ್ದಾರೋ ಇಲ್ಲೋ ಅದೂ ಗೊತ್ತಿಲ್ಲ."

"ಬರ್ತಾನ. ಕಾಯಿ."

ಎರಡೂವರೆ ತಿಂಗಳಿಗೆ ಸಾಹೇಬರು ಬಂದರು. ಅಷ್ಟರಲ್ಲಿ ಮೊಣಕೈ ಬಿಗಿದು ಹೋಗಿತ್ತು. ಇಂದಿಗೂ ಏಕನಾಥನ ಬಲಗೈ ಬಾಯಿಯವರೆಗೆ ಹೋಗುವುದಿಲ್ಲ. ಅಗೋ, ಆ ಕಂಬದ ಪಕ್ಕದಲ್ಲಿ ಎಡಗೈಯಿಂದ ಚಹಾ ಕುಡಿಯುತ್ತಿದ್ದಾನೆ. ಸಾಹೇಬರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. "ನನ್ನ ಗಂಟಿಗಿ ಅಷ್ಟು ಇಜ್ಜತ್ ಕೊಟ್ಟಿಯೇನು, ಮಡೆಪ್ಪ? ಇಪ್ಪತ್ತು ವರ್ಷದಾಗ ನನಗ ಒಮ್ಮೆರೆ ಕೊಟ್ಟಿದ್ದಿ?" ಎಂದು ಕೇಳಿದರು, ಅಷ್ಟೇ. ಈ ಸಂಘ ಕಟ್ಟುವ ಮಾತು ಅವರು ಅಂದೇ ಎತ್ತಿದ್ದು.

ಅಷ್ಟಾದರೂ ನಾನು ಠರಾವು ತಡೆದೆ. ಯಾಕೆ? ಕಸ್ತೂರಿಬಾಯಿ ಕೆಮ್ಮುತ್ತಿದ್ದಾರೆ. ಹೇಳುತ್ತೇನೆ, ಮಾರಾಯ್ತಿ, ಕುಳಿತುಕೋ.

ಈ ಕೆಲಸದಲ್ಲಿ ಕಣ್ಣಿರುವುದು ಹೆಬ್ಬೆರಳಿನಲ್ಲಿ. ಚರ್ಮದ ಕೆಳಗೆ ಎಲುಬಿನ ತುದಿ ಎಲ್ಲಿದೆ ಎಂದು ಹೆಬ್ಬೆರಳು ನೋಡಬೇಕು. ನನ್ನ ಹೆಬ್ಬೆರಳಿಗೆ ಎರಡು ವರ್ಷದಿಂದ ಜೋಮು ಹಿಡಿದಿದೆ. ಏನೂ ತಿಳಿಯುವುದಿಲ್ಲ. ನನ್ನ ಪಟ್ಟಿಯನ್ನು ಬೇರೆಯವರು ಬಿಚ್ಚಿದರೆ ಅದು ಬಯಲಾಗುತ್ತದೆ ಎಂದೇ ತಡೆದೆ. ಎರಡು ವರ್ಷ ಅಂದಾಜಿನ ಮೇಲೆ ಕಟ್ಟಿದ್ದೇನೆ. ಗಾಬರಿಯಾಗಬೇಡಿ, ಕೈಕಾಲು ಮುಟ್ಟಿ ನೋಡಿಕೊಳ್ಳಬೇಡಿ! ನಿಮ್ಮವು ಕೂಡಿವೆ. ಕೂಡದೇ ಹೋದದ್ದು ನನ್ನ ಮನೆಯದೇ. ಎರಡು ಸಲ ಬಿಚ್ಚಿ ಕಟ್ಟಿದೆ, ಎರಡು ಸಲವೂ ಸೊಟ್ಟ. "ಊರ ಮಂದಿದೆಲ್ಲಾ ನೆಟ್ಟಗ ಮಾಡಿದ್ರಿ, ನಂದೇ ಯಾಕ ಸೊಟ್ಟ ಮಾಡಿದ್ರಿ? ಮದಿವಿ ಆದಾಗಿಂದ ಸಿಟ್ಟಿತ್ತೇನು?" ಎಂದು ಕೇಳಿದರು. ಹನ್ನೆರಡು ದಿನದಿಂದ ರೊಟ್ಟಿ ಬಡಿಯುತ್ತಿರುವವನು ನಾನು. ನಮ್ಮ ನಾಯಿ ಮನೆ ಬದಲಿಸಿದೆ.

ನಾಚಿಕೆ ಬಿಟ್ಟು ಭಾಲ್ಕಿಗೆ ಹೋದೆ. ಸಾಹೇಬರು ಕೇಳಿ, "ನಾ ಕಾಲು, ಮೊಣಕೈ ಕೂಡಸಾಂವ. ಮಣಿಕಟ್ಟು ಅಂದ್ರ ಔರಾದಿನ ಬಾಯಿ. ಎಲುಬು ಪೂರಾ ಬಲಿಯೂದರೊಳಗ ತೋರಸು, ಇನ್ನ ಎಂಟು ದಿನ ಆದ್ರ ಆಕಿ ಕೈಲಿನೂ ಆಗಂಗಿಲ್ಲ" ಎಂದರು.

ಔರಾದಿನ ಬಾಯಿ! ಎರಡು ಸಲ ಅರ್ಜಿ ಕೊಟ್ಟವರು. ಹೆಣ್ಣುಮಕ್ಕಳಿಗೆ ಎಳೆಯುವ ಬಲವಿಲ್ಲ ಎಂದು ನಾನು ವಾದಿಸಿದ್ದೆ. "ಬಾವ್ಯಾಗಿನ ಕೊಡ ಎಳೀಲಿಕ್ಕಿ ಬಲ ಬೇಕ್ರಿ, ಅಪ್ಪಾರ. ಎಲುಬಿಗಿ ತಿಳುವಳಿಕಿ ಬೇಕು" ಎಂದು ಅವರು ಅಂದಿದ್ದರು. ನಾನು ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿತ್ತು. ಅವರ ಓಣಿಯಲ್ಲಿ ನಾವು ನೀರು ಕುಡಿಯುವುದಿಲ್ಲ. ಬಸವಣ್ಣನವರ ಹೆಸರನ್ನು ದಿನಾ ಹೇಳುವ ನಾಲಿಗೆಯಿಂದಲೇ ನಾನು ಬೇಡ ಎಂದದ್ದು. ನನ್ನ ಜೊತೆ ಕೈ ಎತ್ತಿದವರು ಹನ್ನೊಂದು ಜನ. ಈಗ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದೀರಿ. ಕುಳಿತುಕೊಳ್ಳಿ!

ಎರಡೂ ಠರಾವುಗಳನ್ನು ನಾನೇ ಮಂಡಿಸುತ್ತೇನೆ. ಪರವಾಗಿರುವವರು ಕೈ ಎತ್ತಿ. ನಾನು ಕಟ್ಟಿದ ಕೈಗಳಾದರೂ ಮೇಲಕ್ಕೆ ಏಳಲಿ, ಏಳುತ್ತವೆಯೋ ಇಲ್ಲವೋ ನೋಡಿದಂತಾಯಿತು. ಏಕನಾಥ, ನೀನು ಎಡಗೈಯನ್ನೇ ಎತ್ತು. ಅದೇ ಇಲ್ಲಿ ದೊಡ್ಡ ಮತ. ಸಾಕು, ಎಣಿಸುವುದು ಬೇಡ.

ಸುಭದ್ರಾಬಾಯಿಯವರೇ, ಬಾಗಿಲ ಬಳಿ ಎಷ್ಟು ಹೊತ್ತು ನಿಲ್ಲುತ್ತೀರಿ? ಮುಂದೆ ಬನ್ನಿ. ಇದು ನೌಬಾದಿನ ಗಂಟು, ನಮ್ಮ ಅಪ್ಪ ಕಲಿಸಿದ್ದು. ಬಿಚ್ಚಿ. ಬೈಯಬೇಕೆನಿಸಿದರೆ ಬೈಯಿರಿ, ಕೈ ಮಾತ್ರ ಸರಿ ಮಾಡಿ. ಮೊಣಕೈ ನಾನು ಹಿಡಿದುಕೊಳ್ಳುತ್ತೇನೆ. ಹೀಗೆ ಸಾಕೆ? ಇನ್ನೂ ಮೇಲಕ್ಕೆ? ಸರಿ.

ಕೇಳಿಸಿಕೊಂಡ ನಿಮಗೂ, ಚಹಾ ಕಾಸಿದವರಿಗೂ ನನ್ನ ವಂದನೆ. ಕೈ ಮುಗಿಯಬೇಕಿತ್ತು, ಎರಡೂ ಕೈ ಮನೆಯವರ ತೋಳಿನ ಕೆಳಗಿವೆ. ಅಲುಗಾಡಿದರೆ ಈ ಬಾಯಿ ಬೈಯುತ್ತಾರೆ. ಬರೀ ಮಾತಿನ ನಮಸ್ಕಾರ ಒಪ್ಪಿಸಿಕೊಳ್ಳಿ.